ಎದುರು ಮನೆಯ ವೈನು, ನಮ್ಮ ಮನೆಯ ಸಾರು

ಹೊಟ್ಟೆಕಿಚ್ಚು ಪಡಬಾರದು ಎಂದು ದಿನಾ ಬೆಳಿಗ್ಗೆ ದೇವರ ಮುಂದೆ ಅಂದುಕೊಳ್ಳುತ್ತೇನೆ. ಹೂವು ಏರಿಸುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದು ಇನ್ನೊಂದು ಪ್ರಸಂಗ ಶುರುವಾಗಿರುತ್ತದೆ.

ಬಿಸಿಬೇಳೆಬಾತು

ನಾನು ಮೈಸೂರಿನವಳು. ನಾಗಪುರಕ್ಕೆ ಬಂದದ್ದು ಯಜಮಾನರ ರೈಲ್ವೆ ಕೆಲಸದ ವರ್ಗಾವಣೆಯಿಂದ. ಈ ಅಪಾರ್ಟ್‌ಮೆಂಟಿನಲ್ಲಿ ನನ್ನ ಕೈರುಚಿಗೆ ಮರಾಠಿಯವರೂ ತಲೆದೂಗುತ್ತಿದ್ದರು. ತೂಗದವರು ಯಜಮಾನರೊಬ್ಬರೇ. ‘ಹೇಗಿದೆ?’ ಅಂದರೆ ‘ಹೂಂ’ ಅನ್ನುತ್ತಾರೆ. ಅವರ ಬಾಯಿಂದ ಒಂದು ಹೊಗಳಿಕೆ ಕೇಳಬೇಕೆಂಬ ಆಸೆ ಮಗಳ ಮದುವೆಯಾದರೂ ತೀರಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಗೆ ಬೆಂಗಳೂರಿನ ಹುಡುಗಿ ಬಂದಳು. ಗಂಡ ಡಾಕ್ಟರು. ಇವಳು ಯಾವ ಊಟಕ್ಕೆ ಯಾವ ವೈನು ಹೊಂದುತ್ತದೆ ಎಂದು ಕೋರ್ಸ್ ಮಾಡಿ ಕಲಿತವಳು. ಕನ್ನಡದ ಹುಡುಗಿ ಎಂಬ ಅಕ್ಕರೆಯಿಂದ ನಾನು ಬಿಸಿಬೇಳೆಬಾತು ಕೊಟ್ಟೆ. ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು.

‘ಆಂಟಿ, ಇದಕ್ಕೆ ಏನೋ ಒಂದು ಕಡಿಮೆ ಆಗಿದೆ.’

‘ತುಪ್ಪ ಹಾಕಿದ್ದೀನಲ್ಲಮ್ಮ.’

‘ತುಪ್ಪ ಅಲ್ಲ ಆಂಟಿ. ಸ್ವಲ್ಪ ಸಿಹಿ ಇರೋ ಬಿಳಿ ವೈನ್ ಬೇಕು.’

ತಂದೇಬಿಟ್ಟಳು. ನಾನು ಮುಟ್ಟಲಿಲ್ಲ. ಯಜಮಾನರು ಒಂದು ತುತ್ತು, ಒಂದು ಗುಟುಕು ಎಂದು ತಟ್ಟೆ ಖಾಲಿ ಮಾಡಿ, ‘ಬಿಸಿಬೇಳೆಬಾತಿಗೆ ರುಚಿ ಇರುತ್ತೆ ಅಂತ ಇವತ್ತು ಗೊತ್ತಾಯ್ತು’ ಅಂದರು. ಅಂದು ರಾತ್ರಿ ಅವರಿಗೆ ವೈನಿಲ್ಲದೆ ಬರೀ ಮೊಸರನ್ನ ಹಾಕಿದೆ.

ಸಾವಜಿ

ಕೆಳಗಿನ ಮನೆಯ ಕಾಕಾ ನಾಗಪುರದಲ್ಲೇ ಹುಟ್ಟಿ ಬೆಳೆದವರು. ದಿನಾ ಸಂಜೆ ನಮ್ಮ ಮನೆ ಚಹಾ ಇಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಅವರೂ ಒಂದು ದಿನ ಸಾವಜಿ ರಸ್ಸಾ ತುಂಬಿದ ಡಬ್ಬಿ ಹಿಡಿದು ಎದುರು ಮನೆಗೆ ಹೋದರು. ಸಾವಜಿ ಅಂದರೆ ಈ ಊರಿನ ಮಾಂಸದ ಸಾರು. ತಿಂದವರ ಕಣ್ಣು ಮೂಗು ಎರಡೂ ಸೋರಬೇಕು, ಅಷ್ಟು ಖಾರ.

ಅದಕ್ಕೆ ಯಾವ ವೈನು ಎಂದು ಹುಡುಗಿ ಬಹಳ ಹೊತ್ತು ಯೋಚಿಸಿ ಒಂದು ಕೆಂಪು ಬಾಟಲಿ ತೆಗೆದಳು. ಕಾಕಾ ಕುಡಿದರು, ಮುಖ ಕಿವುಚಿದರು. ಆಮೇಲೆ ಎರಡು ಚಮಚ ರಸ್ಸಾ ಲೋಟದೊಳಕ್ಕೇ ಸುರಿದು ಕಲಸಿ ಕುಡಿದು, ‘ಅಬ್ ಬರೋಬರ್ ಹುವಾ’ ಅಂದರು, ಈಗ ಸರಿಹೋಯಿತು ಅಂತ.

ಹುಡುಗಿಯ ಮುಖ ಸಪ್ಪಗಾಯಿತು. ಇಣುಕಿ ನೋಡುತ್ತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷ. ಅದೂ ಬಹಳ ಹೊತ್ತು ಉಳಿಯಲಿಲ್ಲ. ಕಾಕಾ ನನ್ನತ್ತ ತಿರುಗಿ, ‘ಭಾಭೀಜಿ, ಕಲ್ ಸೇ ಚಾಯ್ ಮತ್ ಬನಾನಾ’ ಅಂದರು. ನಾಳೆಯಿಂದ ನನ್ನ ಚಹಾ ಬೇಡವಂತೆ.

ತಿಳಿಸಾರು

ನಾನೂ ಸೋಲಲಿಲ್ಲ. ವೈನಿಗಿಂತ ನಮ್ಮ ತಿಳಿಸಾರು ಯಾವುದರಲ್ಲಿ ಕಡಿಮೆ? ಉದ್ದ ಕಾಲಿನ ಗಾಜಿನ ಲೋಟ ಕೊಂಡು ತಂದು, ಮಹಡಿಯವರನ್ನೂ ಕಾಕಾರನ್ನೂ ಕರೆದು, ಪ್ರತಿ ಲೋಟಕ್ಕೂ ಎರಡು ಬೆರಳಿನಷ್ಟು ಸಾರು ಬಿಟ್ಟೆ.

‘ಮೊದಲು ತಿರುಗಿಸಿ, ಆಮೇಲೆ ಮೂಸಿ, ಕೊನೆಗೆ ಕುಡಿಯಿರಿ’ ಎಂದು ಅವಳ ಹಾಗೆಯೇ ಹೇಳಿಕೊಟ್ಟೆ.

ತಿರುಗಿಸುವಾಗ ಕಾಕಾರ ಅಂಗಿಯ ಮೇಲೆ ಅರ್ಧ ಹೋಯಿತು. ಮೂಸುವಾಗ ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಸಾಲಾಗಿ ಸೀನಿದರು. ಯಜಮಾನರು ಮಾತ್ರ ಪೂರ್ತಿ ಕುಡಿದರು. ನಾನು ಹೊಗಳಿಕೆಗೆ ಕಿವಿ ನೆಟ್ಟು ನಿಂತೆ.

ಅವರು ಲೋಟ ಕೆಳಗಿಟ್ಟು ಎದುರು ಮನೆಯವಳನ್ನು ಕೇಳಿದರು: ‘ಇದಕ್ಕೆ ಯಾವ ವೈನಮ್ಮ?’

ಭೀಮನ ಅಮಾವಾಸ್ಯೆ

ಭೀಮನ ಅಮಾವಾಸ್ಯೆಗೆ ನಮ್ಮ ಕಡೆ ಹೆಂಡತಿ ಗಂಡನ ಪಾದಪೂಜೆ ಮಾಡಬೇಕು. ಅಲ್ಲಿಯವರೆಗೆ ಉಪವಾಸ. ಇಲ್ಲಿಯವರಿಗೆ ಅದೇ ದಿನ ಗಟಾರಿ. ಮರುದಿನ ಶ್ರಾವಣ ಹಿಡಿದರೆ ಕುಡಿಯುವಂತಿಲ್ಲವೆಂದು ಎಲ್ಲರೂ ಅವತ್ತೇ ಕುಡಿದು ಮುಗಿಸುತ್ತಾರೆ. ನಾನು ಪಾದ ತೊಳೆಯುವ ದಿನ ಊರಿನ ಗಂಡಸರು ಗಂಟಲು ತೊಳೆಯುತ್ತಾರೆ.

ಡ್ಯೂಟಿ ಮುಗಿಸಿದ ಯಜಮಾನರು ಮನೆಗೆ ಬರುವ ಬದಲು ನೇರವಾಗಿ ಎದುರು ಮನೆಗೆ ಹೋದರು. ಗಟಾರಿಗೆಂದು ಅಲ್ಲಿ ಮಹಡಿಯವರೆಲ್ಲ ಸೇರಿದ್ದರು, ನಗು ಕೇಳಿಸುತ್ತಿತ್ತು. ನನಗೆ ಹಸಿವಿಗೂ ಹೊಟ್ಟೆ ಉರಿ, ಆ ನಗುವಿಗೂ ಹೊಟ್ಟೆ ಉರಿ. ತಟ್ಟೆ, ಅರಿಸಿನ, ಕುಂಕುಮ ಹಿಡಿದು ನಾನೇ ಹೋದೆ.

‘ರೀ, ಸಾಕ್ಸ್ ತೆಗೀರಿ. ಇಲ್ಲೇ ಪೂಜೆ.’

ಅಷ್ಟು ಜನರ ಮುಂದೆ ಯಜಮಾನರು ಹಿತ್ತಾಳೆ ತಟ್ಟೆಯಲ್ಲಿ ಕಾಲಿಟ್ಟರು. ನೀರು ತರುವುದು ಮರೆತಿದ್ದೆ. ಡಾಕ್ಟರು ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ ಸ್ಟೀಲ್ ಜಗ್ ಕೊಟ್ಟರು. ಬಾಟಲಿ ಕಂಡರೆ ಅಪಾರ್ಟ್‌ಮೆಂಟಿನ ಸೊಸೈಟಿ ಅಧ್ಯಕ್ಷರಿಗೆ ಆಗದೆಂದು ಹುಡುಗಿ ಬಿಳಿ ವೈನೆಲ್ಲ ಅದಕ್ಕೇ ಸುರಿದಿಟ್ಟಿದ್ದಳಂತೆ. ಅದು ನನಗೆ ಗೊತ್ತಾದದ್ದು ಪೂರ್ತಿ ಜಗ್ಗು ಪಾದದ ಮೇಲೆ ಬಗ್ಗಿಸಿ, ವಾಸನೆ ಮೇಲೆದ್ದ ಮೇಲೆ.

‘ಆಂಟಿ, ಅದು ನನ್ನ ಹತ್ರ ಇದ್ದದ್ದರಲ್ಲೇ ಒಳ್ಳೆ ವೈನು’ ಎಂದಳು ಹುಡುಗಿ.

ಏನು ಮಾಡಲಿ? ಪಾದ ತೊಳೆದದ್ದನ್ನು ತೀರ್ಥವೆಂದು ತೆಗೆದುಕೊಳ್ಳದೆ ವ್ರತ ಮುಗಿಯುವುದಿಲ್ಲ. ಕಣ್ಣು ಮುಚ್ಚಿ ಅಂಗೈಯಲ್ಲಿ ತೆಗೆದುಕೊಂಡು ಕುಡಿದೆ. ಹುಡುಗಿ ಅಭ್ಯಾಸಬಲದಿಂದ ಕೇಳಿಯೇಬಿಟ್ಟಳು.

‘ಏನೇನು ರುಚಿ ಸಿಗ್ತಿದೆ ಆಂಟಿ?’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಮೊದಲು ಹುಳಿ ದ್ರಾಕ್ಷಿ. ಆಮೇಲೆ ಪ್ಲಾಟ್‌ಫಾರ್ಮಿನ ಧೂಳು. ಕೊನೆಗೆ ಒದ್ದೆ ಸಾಕ್ಸು.’

ಅವಳು ಬಾಯಿ ತೆರೆದುಕೊಂಡು ನೋಡಿದಳು. ‘ಇಷ್ಟು ಬಿಡಿಸಿ ಹೇಳೋಕೆ ನನಗೆ ಇನ್ನೂ ಬರಲ್ಲ’ ಅಂದಳು. ಆ ದನಿಯಲ್ಲಿದ್ದದ್ದು ಹೊಟ್ಟೆಕಿಚ್ಚು, ನನಗೆ ಚೆನ್ನಾಗಿ ಪರಿಚಯವಿದ್ದದ್ದೇ.

ಯಜಮಾನರು ತಟ್ಟೆಯಲ್ಲಿ ನಿಂತುಕೊಂಡೇ ಎದೆ ಉಬ್ಬಿಸಿ ಎಲ್ಲರಿಗೂ ಕೇಳುವ ಹಾಗೆ, ‘ನಮ್ಮವಳ ನಾಲಿಗೆ ಅಂದ್ರೆ ನಾಲಿಗೆ’ ಅಂದರು.

ಇಷ್ಟು ವರ್ಷ ಬಡಿಸಿದ ಅಡುಗೆಗೆ ಸಿಗದ ಹೊಗಳಿಕೆ, ಅವರ ಕಾಲಿನ ರುಚಿ ಸರಿಯಾಗಿ ಹೇಳಿದ್ದಕ್ಕೆ ಸಿಕ್ಕಿತು.