ಗುರುಶಾಂತಪ್ಪನ ಓವನ್‌ದೀಪ ವಿಜಯ

ಯಾವ ಯುಗದಲ್ಲಿ ರಾಣೇಬೆನ್ನೂರಿನ ಗೃಹಿಣಿಯರು ಚಕ್ಕುಲಿ ಒತ್ತುವ ಹಿತ್ತಾಳೆಯ ಅಚ್ಚನ್ನು ಅಟ್ಟಕ್ಕೇರಿಸಿ ಕೇಕಿನ ತಟ್ಟೆಗಳನ್ನು ಕೆಳಗಿಳಿಸಿದರೋ. ಯಾವ ಯುಗದಲ್ಲಿ ಹುಟ್ಟುಹಬ್ಬವು ಪಾಯಸದಿಂದ ತೃಪ್ತಿಪಡದೆ ಮೇಲೆ ಹೆಸರು ಬರೆದ ತಿನಿಸನ್ನೇ ಬೇಡತೊಡಗಿತೋ. ಯಾವ ಯುಗದಲ್ಲಿ ಅಗ್ನಿಯು ಒಲೆಯನ್ನು ತೊರೆದು, ಗಾಜಿನ ಬಾಗಿಲುಳ್ಳ ಉಕ್ಕಿನ ಪೆಟ್ಟಿಗೆಯೊಳಗೆ ಅಡಗಿ ಕುಳಿತು, ತನ್ನ ಕೆಲಸವನ್ನು ಜನರಿಗೆ ತೋರಿಸಲು ಒಂದು ಪುಟ್ಟ ದೀಪದ ಆಸರೆ ಕೇಳಿತೋ, ಆ ಯುಗವನ್ನು ಮೊದಲು ನೆನೆಯುತ್ತೇನೆ. ಆ ಯುಗದ ವೀರನೂ, ಸ್ತಂಭಾರೋಹಣಧುರಂಧರನೂ, ಫ್ಯೂಸುತಂತಿಪುನಸ್ಸಂಧಾನಪಟುವೂ, ಚತ್ವಾರಿಂಶದ್ಗ್ರಾಮದೀಪಪ್ರದಾತನೂ ಆದ ಗುರುಶಾಂತಪ್ಪ ಹಲಗೇರಿಯನ್ನು ಆಮೇಲೆ ನೆನೆಯುತ್ತೇನೆ. ನಲವತ್ತು ಗ್ರಾಮಗಳಿಗೆ ದೀಪ ಕೊಟ್ಟವನು ಎಂದೆ. ಎರಡು ತಾಂಡಾಗಳನ್ನೂ ಹಿಡಿದರೆ ನಲವತ್ತೆರಡು. ವೀರನ ಸಾಧನೆಯನ್ನು ಕಡಿಮೆ ಹೇಳುವುದು ಪಾಪ, ಹೆಚ್ಚು ಹೇಳುವುದು ಸುಳ್ಳು. ಆದ್ದರಿಂದ ಎರಡು ಅಂಕಿಗಳನ್ನೂ ಕೇಳುಗರ ಮುಂದಿಟ್ಟಿದ್ದೇನೆ.

ಮೂವತ್ತಮೂರು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದ ಈ ಮಹಾಪುರುಷನು ಬಿರುಗಾಳಿಗೆ ಬಾಗಿದ ಕಂಬಗಳನ್ನು ಏರಿದವನು, ಹಲ್ಲಿನಲ್ಲಿ ಕಟಿಂಗ್ ಪ್ಲೇಯರ್ ಕಚ್ಚಿಕೊಂಡು ಆಕಾಶಕ್ಕೂ ಭೂಮಿಗೂ ನಡುವೆ ನೇತಾಡಿದವನು. ಒಮ್ಮೆಯೂ ಬಿದ್ದವನಲ್ಲ. ಅವನ ಬಾಯಿ ಮಾತ್ರ ಅಷ್ಟು ಭದ್ರವಾಗಿರಲಿಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕುಳಿತವನು ಯಾರೆಂದು ನೋಡದೆ, "ಒಂದ್ ಬಲ್ಬ್ ಹಾಕಾಕ ಮಂದೀನ ಕರಸೋ ಮನಿಯವರು ಚಿಮಣಿ ಹಚ್ಚಿಕೊಂಡ ಕುಂದ್ರಬೇಕು" ಎಂದು ಘೋಷಿಸಿಬಿಟ್ಟಿದ್ದನು. ಪಕ್ಕದಲ್ಲಿ ಕುಳಿತು ಹೋಳಿಗೆ ತಿನ್ನುತ್ತಿದ್ದವನು ಮೌನೇಶ. ಗೃಹೋಪಯೋಗಿ ಯಂತ್ರಗಳ ಅಂಗಡಿಯ ಮೆಕ್ಯಾನಿಕ್. ಮನೆ ಮನೆಗೆ ಹೋಗಿ ಬಲ್ಬು ಹಾಕುವುದೇ ಅವನ ಅನ್ನ. ಆ ದಿನ ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡನು.

ಇನ್ನು ವೀರನ ಧರ್ಮಪತ್ನಿ ಕಸ್ತೂರಿ. ಅಂಡವಿವರ್ಜಿತಪಿಷ್ಟಪಾಕವಿಶಾರದೆ, ಎಂದರೆ ಮೊಟ್ಟೆ ಹಾಕದೆ ಕೇಕು ಮಾಡುವುದರಲ್ಲಿ ಬಡಾವಣೆಗೆಲ್ಲ ಹೆಸರಾದವಳು. ಆಕೆಯ ಓವನ್ನಿನ ಒಳಗೋಡೆಯಲ್ಲಿ, ಗಾಜಿನ ಚಿಕ್ಕ ಮುಚ್ಚಳದ ಹಿಂದೆ, ಕಿರುಬೆರಳಿನ ತುದಿಯಷ್ಟೇ ಉದ್ದದ, ಎರಡು ತಂತಿಯ ಕಾಲುಗಳ, ಇಪ್ಪತ್ತೈದು ವ್ಯಾಟಿನ ಹ್ಯಾಲೊಜನ್ ಬಲ್ಬೊಂದು ಉರಿಯುತ್ತಿತ್ತು. ಕೇಕು ಉಬ್ಬುವಾಗ ಬಾಗಿಲು ತೆರೆದರೆ ಅದರ ನಡು ಕುಸಿಯುತ್ತದೆ. ತೆರೆಯದಿದ್ದರೆ ಕತ್ತಲಲ್ಲಿ ಯಾವಾಗ ಕರಕಾಯಿತೆಂದು ತಿಳಿಯುವುದಿಲ್ಲ. ಹೀಗೆ ಕಸ್ತೂರಿಯ ಕೀರ್ತಿಯೆಲ್ಲ ಆ ಕಿರುಬೆರಳಿನಷ್ಟು ಬೆಳಕಿನ ಮೇಲೆ ನಿಂತಿತ್ತು.

ಕಾರ್ಖಾನೆಯಿಂದ ಓವನ್ನಿನ ಜೊತೆಗೇ ಬಂದ ಮೊದಲ ಬಲ್ಬು, ಯಾರ ಹೊಗಳಿಕೆಯನ್ನೂ ನಿರೀಕ್ಷಿಸದೆ ಎಂಟು ತಿಂಗಳು ಸೇವೆ ಮಾಡಿ, ಆಷಾಢದ ಒಂದು ಮಧ್ಯಾಹ್ನ ಸದ್ದಿಲ್ಲದೆ ಕಣ್ಣು ಮುಚ್ಚಿತು. ಗುರುಶಾಂತಪ್ಪನು ಎರಡನೆಯದನ್ನು ತಂದು ಹಾಕಿದನು. ಅದು ಒಂಬತ್ತು ದಿನ ಬದುಕಿತು. ಮೂರನೆಯದು ಆರು ದಿನ.

"ಮತ್ತ ಹೋತ್ರಿ," ಎಂದಳು ಕಸ್ತೂರಿ. "ನಿಮ್ಮ ಕರೆಂಟ ಸರಿ ಇಲ್ಲ."

"ನಮ್ಮ ಕರೆಂಟ?"

ಆಹಾ, ಆ ಕ್ಷಣದಲ್ಲಿ ಆ ವೀರನ ಅಂತರಂಗವು ಗರ್ಜಿಸಿದ ಪರಿಯನ್ನು ಹೇಗೆ ವರ್ಣಿಸಲಿ. 'ಎಲೌ ಗೃಹಿಣಿಯೇ, ಯಾವ ವಿದ್ಯುತ್ಪ್ರವಾಹವನ್ನು ನಾನು ಬಿಸಿಲಿನಲ್ಲಿ ಬೆಂದು, ಮಳೆಯಲ್ಲಿ ನೆನೆದು, ಗಿಡಗಂಟಿಗಳನ್ನು ಸವರಿ, ಜೇನುಹುಳುಗಳ ಕೋಪಕ್ಕೆ ಬೆನ್ನೊಡ್ಡಿ ನಿನ್ನ ಅಡುಗೆಮನೆಯ ಗೋಡೆಯವರೆಗೆ ಕರೆತಂದೆನೋ, ಆ ಪ್ರವಾಹದ ಶೀಲವನ್ನು ಶಂಕಿಸುವೆಯಾ? ಇಂದಿನ ಸೂರ್ಯನು ಮುಳುಗುವುದರೊಳಗೆ ಅದರ ನಿಷ್ಕಳಂಕತೆಯನ್ನು ಲೋಕಕ್ಕೆ ತೋರಿಸದಿದ್ದರೆ ನಾನು ಮೂವತ್ತಮೂರು ವರ್ಷ ಹತ್ತಿದ್ದು ಕಂಬಗಳೇ ಅಲ್ಲ.' ಅಂತರಂಗವು ಇಷ್ಟನ್ನು ಹೇಳಿತು. ಬಾಯಿ ಹೇಳಿದ್ದು, "ಮೀಟರ್ ಎಲ್ಲಿಟ್ಟಿ?" ಎಂದು ಮಾತ್ರ.

ಮುಂಜಾನೆ ಏಳರಿಂದ ಸಂಜೆ ಏಳರವರೆಗೆ ಪ್ಲಗ್ಗಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು ಅವನು ಗಂಟೆಗೊಮ್ಮೆ ವೋಲ್ಟೇಜು ಅಳೆದನು. ಅತಿ ಕಡಿಮೆ ಇನ್ನೂರ ಇಪ್ಪತ್ತೆರಡು, ಅತಿ ಹೆಚ್ಚು ಇನ್ನೂರ ಮೂವತ್ತಾರು. ಕಳಂಕವಿಲ್ಲ. ಅವನು ಆ ಹಾಳೆಯನ್ನು ಹೆಂಡತಿಯ ಮುಂದೆ ಹಿಡಿದನು.

"ಕರೆಂಟ ಸರಿ ಐತಿ ಅಂತಾತು," ಎಂದಳು ಕಸ್ತೂರಿ. "ಬಲ್ಬ್ ಯಾಕ ಹತ್ತವಲ್ದು?"

"ಅದು ಬ್ಯಾರೆ ವಿಷಯ."

ಆ ಬೇರೆ ವಿಷಯದ ಮೇಲೆ ಅವನು ದಂಡೆತ್ತಿ ಹೋದನು. ಮೊದಲು ಬಲ್ಬು ಕೂರುವ ಹೋಲ್ಡರಿನ ಮೇಲೆ ದಾಳಿ. ಅದರ ಎರಡು ತೂತುಗಳನ್ನು ಉಪ್ಪುಕಾಗದದಿಂದ ಕನ್ನಡಿಯಾಗುವಂತೆ ತಿಕ್ಕಿದನು. ಆಮೇಲೆ ಬಾಗಿಲಿನ ಮೇಲೆ ನಿರ್ಬಂಧ. ದಢಾರನೆ ಮುಚ್ಚಿದರೆ ಬಲ್ಬಿನೊಳಗಿನ ತಂತಿ ಅದುರಿ ಹರಿಯುತ್ತದೆಂದು, ತೊಟ್ಟಿಲಲ್ಲಿ ಮಗು ಮಲಗಿದ ಕೋಣೆಯ ಕದವನ್ನು ಎಳೆಯುವಂತೆ ಓವನ್ನಿನ ಬಾಗಿಲನ್ನು ಎಳೆಯಬೇಕೆಂದು ಆಜ್ಞೆಯಾಯಿತು. ಕಸ್ತೂರಿ ಹಾಗೆಯೇ ಮಾಡಿದಳು. ಬಲ್ಬು ತಾಳುವ ಶಾಖ ಎಷ್ಟೆಂದು ಡಬ್ಬಿಯ ಮೇಲೆ ಓದಿದನು, ಮುನ್ನೂರು ಡಿಗ್ರಿ. ಕೇಕಿಗೆ ಬೇಕಾದದ್ದು ನೂರ ಎಂಬತ್ತು. ಎಲ್ಲವೂ ಸರಿ. ಎಲ್ಲವೂ ಸರಿಯಿದ್ದೂ, ನಾಲ್ಕನೆಯ ಬಲ್ಬು ನಾಲ್ಕೇ ದಿನಕ್ಕೆ ಹೋಯಿತು.

ಇಲ್ಲಿ ಆ ಮನೆಯ ಹಿರಿಯಳ ಮಾತು ಹೇಳಲೇಬೇಕು. ಗುರುಶಾಂತಪ್ಪನ ತಾಯಿ ಹಾಲವ್ವನಿಗೆ ಎಂಬತ್ತನಾಲ್ಕು ವರ್ಷ. ಮಗನು ಕಂಬ ಹತ್ತಲು ಹೊರಟ ಪ್ರತಿ ಮುಂಜಾನೆಯೂ ಅವನ ಹಣೆಗೆ ಕುಂಕುಮವಿಟ್ಟು ಕಳಿಸಿದವಳು ಆಕೆ. ಅವನು ಬೀಳದೆ ಉಳಿದದ್ದಕ್ಕೆ ಅದೇ ಕಾರಣವೆಂದು ಅವನ ನಂಬಿಕೆ. ಆದ್ದರಿಂದ ಮನೆಗೆ ಮಿಕ್ಸರ್ ಬರಲಿ, ಸೈಕಲ್ ಬರಲಿ, ಕತ್ತರಿಯೇ ಬರಲಿ, ಕೆಲಸಕ್ಕೆ ಇಳಿಯುವ ಮೊದಲು ಅದನ್ನು ತಾಯಿಯ ಮುಂದೆ ಹಿಡಿದು ಕುಂಕುಮ ಹಚ್ಚಿಸುವುದು ಅವನು ಎಂದೂ ತಪ್ಪಿಸದ ಪದ್ಧತಿ. ಬಲ್ಬುಗಳನ್ನೂ ಹಿಡಿದನು. ನುಣುಪಾದ ಗಾಜಿನ ಮೇಲೆ ಒಣ ಕುಂಕುಮ ನಿಲ್ಲದು. ಹಾಲವ್ವ ಅದನ್ನು ತುಪ್ಪದಲ್ಲಿ ಕಲಸಿ ಹಚ್ಚಿದಳು.

"ಯಾರದೋ ನದರ ಬಿದ್ದೈತಪ," ಎಂದಳು ನಾಲ್ಕನೆಯದು ಹೋದಾಗ. "ಕೇಕ್ ಒಯ್ಯಾಕ ಬಂದವರೆಲ್ಲ ಒಳಗ ಬಗ್ಗಿ ನೋಡ್ತಾರ."

ದೃಷ್ಟಿ ಹೆಚ್ಚಾದಷ್ಟೂ ರಕ್ಷೆಯೂ ಹೆಚ್ಚಬೇಕಲ್ಲ. ಎರಡನೆಯ ಬಲ್ಬಿಗೆ ಸಾಸಿವೆಯಷ್ಟಿದ್ದ ಬೊಟ್ಟು ನಾಲ್ಕನೆಯದಕ್ಕೆ ಕಡಲೆಯಷ್ಟಾಗಿತ್ತು. ಐದನೆಯದಕ್ಕೆ ಹಣೆ ಯಾವುದು ಕೆನ್ನೆ ಯಾವುದು ಎಂಬ ಭೇದವೇ ಉಳಿಯಲಿಲ್ಲ. ಐದನೆಯ ಬಲ್ಬು ಎರಡು ಕೇಕುಗಳನ್ನು ಕಂಡು ಸತ್ತಿತು.

ಆಗ ಕಸ್ತೂರಿ ತನ್ನ ಅಸ್ತ್ರವನ್ನು ಹೊರತೆಗೆದಳು. ಅದು ಮೊಬೈಲು.

"ನಾಳೆ ನಾಕಕ್ಕ ಮೌನೇಶ ಬರ್ತಾನ್ರಿ."

"ಮೌನೇಶನ್ನ ಯಾಕ ಕರದಿ?"

"ಐದ ಬಲ್ಬ್ ತಿಂದು ಕುಂತೈತಿ ಇದು. ಇನ್ನೊಂದ ಉಳದೈತಲ್ಲ, ಹಾಕಿ ನೋಡ್ರಿ. ಅಂವ ಬಂದಾಗ ಹತ್ತಿತ್ತಂದ್ರ ಚಾ ಕುಡದ ಹೋಗ್ತಾನ. ಇಲ್ಲಂದ್ರ ಬಿಚ್ಚತಾನ."

"ನನ್ನ ಮುಂದ ಬಿಚ್ಚತಾನೇನು?"

"ನೀವು ಬೇಕಾದ್ರ ಮಾರ್ಕೆಟಿಗೆ ಹೋಗ್ರಿ."

ಕೇಳಿದಿರಲ್ಲ. ನಲವತ್ತು ಹಳ್ಳಿಗಳಿಗೆ, ಅಥವಾ ನಲವತ್ತೆರಡಕ್ಕೆ, ಬೆಳಕು ಕೊಟ್ಟವನ ಮನೆಯೊಳಗೆ, ಹೋಳಿಗೆಯ ಪಂಕ್ತಿಯಲ್ಲಿ ಅವನ ಬಡಾಯಿ ಕೇಳಿಸಿಕೊಂಡವನೇ ಬಂದು, ಅವನ ಕಣ್ಣೆದುರಿಗೇ ಬಲ್ಬು ಬಿಚ್ಚುವ ಕಾಲ ಒದಗಿತು.

ಮರುದಿನ, ಮಂಗಳವಾರ, ಮಧ್ಯಾಹ್ನ ಎರಡಕ್ಕೆ, ಆ ವೀರನು ಅಡುಗೆಮನೆಯ ಕಟ್ಟೆಯ ಮೇಲೆ ವೃತ್ತಪತ್ರಿಕೆ ಹಾಸಿ, ಸತ್ತ ಬಲ್ಬುಗಳನ್ನು ಸಾಲಾಗಿ ಮಲಗಿಸಿದನು. ಮೊದಲನೆಯದನ್ನೂ ಎಸೆಯದೆ ಇಟ್ಟಿದ್ದನು. ಲೈನ್‌ಮನ್ನರು ಸುಟ್ಟದ್ದನ್ನು ಸುಲಭವಾಗಿ ಎಸೆಯುವವರಲ್ಲ, ಅದು ಹೇಗೆ ಸುಟ್ಟಿತೆಂದು ನೋಡುವವರು. ಕನ್ನಡಕವನ್ನು ಹಣೆಗೇರಿಸಿ, ಒಂದೊಂದನ್ನೇ ಕಣ್ಣಿನ ಹತ್ತಿರ ತಂದನು. ಮೊದಲನೆಯದರ ಗಾಜು ಒಂದೇ ಸಮನಾಗಿ ಮಸುಕಾಗಿತ್ತು, ವಯಸ್ಸಾಗಿ ಸತ್ತವರ ಹಾಗೆ. ಉಳಿದವುಗಳ ಗಾಜು ಒಂದೊಂದು ಕಡೆ ಕರ್ರಗೆ ಸುಟ್ಟು ಉಬ್ಬಿಕೊಂಡಿತ್ತು. ಎರಡನೆಯದರಲ್ಲಿ ಆ ಕರಿಕಲೆ ಸಾಸಿವೆಯಷ್ಟಿತ್ತು. ನಾಲ್ಕನೆಯದರಲ್ಲಿ ಕಡಲೆಯಷ್ಟು. ಐದನೆಯದನ್ನು ಅವನು ಮೂಗಿಗೆ ಹಿಡಿದನು.

ತುಪ್ಪ.

ಸಾವಿರ ವೋಲ್ಟಿನ ತಂತಿ ತಾಗಿದವನಂತೆ ಅವನು ನಿಂತನು. ಜಿಡ್ಡು ಮೆತ್ತಿದ ಜಾಗದಲ್ಲಿ ಗಾಜು ಅತಿಯಾಗಿ ಕಾಯುತ್ತದೆ, ಉಬ್ಬುತ್ತದೆ, ಒಳಗಿನ ತಂತಿ ಹೋಗುತ್ತದೆ. ಎಷ್ಟು ಸರಳ. ಕಾರ್ಖಾನೆಯಿಂದ ಬಂದದ್ದು ಮಾತ್ರ ಯಾರ ಮುಂದೆಯೂ ಹಣೆಯೊಡ್ಡದೆ ಎಂಟು ತಿಂಗಳು ಬಾಳಿತ್ತು. ಮಿಕ್ಕ ಬಲ್ಬುಗಳನ್ನು ಕೊಂದದ್ದು ನೆರೆಯವರ ಕಣ್ಣಲ್ಲ, ತಾಯಿಯ ಆಶೀರ್ವಾದ.

ವೈರಿಯು ಪರನಾಗಿದ್ದರೆ ವೀರನಿಗೆ ಕಷ್ಟವೇನು? ಹೊಡೆದು ಮುಗಿಸಬಹುದು. ಆದರೆ ಮೂವತ್ತಮೂರು ವರ್ಷ ತನ್ನನ್ನು ಕಂಬದಿಂದ ಬೀಳದಂತೆ ಹಿಡಿದ ಕೈಗೆ 'ನೀನು ಮುಟ್ಟಿದ್ದರಿಂದಲೇ ಹಾಳಾಯಿತು' ಎಂದು ಹೇಳುವುದು ಹೇಗೆ? ಕುಂಕುಮ ಹಚ್ಚಿಸಿಕೊಂಡು, ಈಚೆ ಬಂದು ಒರೆಸಿಬಿಡಲೇ ಎಂದು ಯೋಚಿಸಿದನು. ತಾಯಿ ಇಟ್ಟ ಕುಂಕುಮವನ್ನು ಒರೆಸಲು ಕೈ ಬರುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಹೇಳದೇ ಹೋದರೆ ನಾಲ್ಕು ಗಂಟೆಗೆ ಮೌನೇಶ. ಗಡಿಯಾರವು ಎರಡೂವರೆ ತೋರಿಸುತ್ತಿತ್ತು.

ಆರನೆಯ ಬಲ್ಬಿನ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಅವನು ಪಡಸಾಲೆಗೆ ನಡೆದನು. ಹಾಲವ್ವ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಡಬ್ಬಿ ಕಂಡದ್ದೇ ಉಸ್ಸೆಂದು ಕಾಲು ಮಡಚಿದಳು.

"ತಾ, ಹಚ್ತೀನಿ."

"ಅವ್ವಾ, ಈ ಸಲ ಇದಕ್ಕ ಕುಂಕುಮ ಬ್ಯಾಡ."

"ಯಾಕ?"

ಅವನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಸಮಾಸಭೂಯಿಷ್ಠವಾದ ಕ್ಷಮಾಪ್ರಾರ್ಥನೆಯು ಅಲ್ಲೇ ಉಳಿಯಿತು. "ತುಪ್ಪ ಹತ್ತಿದ್ರ ಇದು ಸುಡತೈತಿ," ಎಂದನು. "ನಾ ತಂದವೆಲ್ಲ ಅದಕ್ಕ ಸುಟ್ಟಾವು."

ಹಾಲವ್ವ ಮಗನ ಮುಖವನ್ನು ನೋಡಿದಳು. ಒಳಗೆ ಕಸ್ತೂರಿ ಹಿಟ್ಟು ಕಲಸುವುದನ್ನು ನಿಲ್ಲಿಸಿದ್ದು ಕೇಳಿಸಿತು.

"ಮತ್ತ ಮೊದಲ ಹೇಳಬಾರದೇನೋ," ಎಂದಳು ಹಾಲವ್ವ. "ನೀನ ತಂದ ತಂದು ಮುಂದ ಹಿಡೀತಿದ್ದಿ. ಮಣಕಾಲ ನೋವಿನಾಗ ಏಳಬೇಕು, ತುಪ್ಪ ತರಬೇಕು, ಕಲಸಬೇಕು. ಅದಕ್ಕ ಹಣಿ ಯಾವುದು ಬುಡ ಯಾವುದು ಕಣ್ಣಿಗೆ ಕಾಣಂಗಿಲ್ಲ. ಮಗಾ ಬ್ಯಾಸರ ಮಾಡ್ಕೋತಾನಂತ ಸುಮ್ಮ ಹಚ್ಚತಿದ್ದೆ."

"ನದರ ಬಿದ್ದೈತಿ ಅಂದ್ಯಲ್ಲ?"

"ಏನರ ಅನಬೇಕಲ್ಲಪ. ಹಿಂಗ ನಿಂತಿದ್ದಿ, ಸಾಲಿ ಹುಡುಗನಂಗ."

ಮಹಾಯುದ್ಧವೊಂದು ಆಗದೆಯೇ ಮುಗಿದಾಗ ಯೋಧನಿಗೆ ಕೈಕಾಲು ಎಲ್ಲಿ ಇಡಬೇಕೆಂದು ತೋಚುವುದಿಲ್ಲ. ಗುರುಶಾಂತಪ್ಪನು ತಾಯಿಯ ಮುಂದೆ ಕುಳಿತು ತಲೆ ಬಾಗಿಸಿದನು. "ಹಂಗಾರ ನನಗ ಹಚ್ಚು," ಎಂದನು. ಹಿಂದಿನ ಸಲ ಕಲಸಿ ಉಳಿದಿದ್ದನ್ನೆಲ್ಲ ಆಕೆ ಅವನ ಹಣೆಗೆ ಬಳಿದಳು.

ಹೀಗೆ ಮಾತೃಘೃತಕುಂಕುಮಾಂಕಿತಲಲಾಟನಾಗಿ ವೀರನು ಓವನ್ನಿನ ಮುಂದೆ ಮಂಡಿಯೂರಿದನು. ಮುಚ್ಚಳ ತಿರುಗಿಸಿ ತೆಗೆದನು. ಹುಬ್ಬಿನ ಮೇಲೆ ಇಳಿಯುತ್ತಿದ್ದ ತುಪ್ಪವನ್ನು ಬೆರಳಿನಿಂದ ಒರೆಸಿಕೊಂಡನು. ಡಬ್ಬಿ ತೆರೆದು, ಅದೇ ಬೆರಳನ್ನು ಬಲ್ಬಿನ ಕಡೆಗೆ ಚಾಚಿದನು.

"ಕೈ," ಎಂದಳು ಕಸ್ತೂರಿ.

ಅವನು ಕೈ ನೋಡಿಕೊಂಡನು. ಆಕೆ ಇಸ್ತ್ರಿ ಮಾಡಿದ ಕರವಸ್ತ್ರವೊಂದನ್ನು ತಂದು, ಅದರ ಮಡಿಕೆಯೊಳಗೆ ಬಲ್ಬನ್ನು ಹಿಡಿದು, ಒತ್ತಿ ಕೂರಿಸಿದಳು. ಮುಚ್ಚಳ ಹಾಕಿದಳು. ಐದು ಬಲ್ಬುಗಳನ್ನು ನುಂಗಿದ ಆ ಮಹಾಸಂಗ್ರಾಮದ ಕೊನೆಯ ಕಾಳಗವು ಇಷ್ಟು ಹೊತ್ತು ನಡೆಯಿತು: ಒಂದು ಗುಂಡಿ ಹಾಕಿಕೊಳ್ಳುವಷ್ಟು.

ಮೌನೇಶ ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದನು. ಸಾಮಾನಿನ ಚೀಲವನ್ನು ಬಾಗಿಲಲ್ಲಿಟ್ಟು, ಅಡುಗೆಮನೆಗೆ ಬಗ್ಗಿ ನೋಡಿದನು. ಗಾಜಿನ ಹಿಂದೆ, ಹಳದಿ ಬೆಳಕಿನಲ್ಲಿ, ಕೇಕೊಂದು ಕಂದುಬಣ್ಣಕ್ಕೆ ತಿರುಗುತ್ತಿತ್ತು.

"ಹತ್ತೈತಲ್ರೀ ಕಾಕಾ."

"ಹತ್ತೈತಿ," ಎಂದನು ಗುರುಶಾಂತಪ್ಪ, ಕುರ್ಚಿಯ ಮೇಲೆ, ಬೇರೆ ಕಡೆ ನೋಡುತ್ತ.

"ಮತ್ತ ಐದ ಬಲ್ಬ್ ಹೋದೂ ಅಂದ್ರಲ್ಲ ಕಾಕೂ."

ಕಸ್ತೂರಿ ಚಹದ ಪಾತ್ರೆಯ ಮೇಲೆಯೇ ಕಣ್ಣಿಟ್ಟಳು. ಹಾಲವ್ವ ಪಡಸಾಲೆಯಿಂದ ಕಿವಿಗೊಟ್ಟಳು. ಹೋಲ್ಡರ್ ಸಡಿಲಾಗಿತ್ತು ಎಂದರೆ ಮುಗಿಯುತ್ತಿತ್ತು. ಅವನ ಬಿರುದುಗಳೆಲ್ಲ ಹಾಗೆಯೇ ಉಳಿಯುತ್ತಿದ್ದವು. ಗುರುಶಾಂತಪ್ಪನು ಒಮ್ಮೆ ಕೆಮ್ಮಿದನು.

"ಕುಂಕುಮ ಹಚ್ಚಿ ಹಾಕತಿದ್ದೆ," ಎಂದನು. "ತುಪ್ಪದಾಗ ಕಲಸಿ."

ಮೌನೇಶ ನಗಲಿಲ್ಲ. ಹಣೆಯ ಕೆಂಪನ್ನು ನೋಡಿ, ತಲೆಯಾಡಿಸಿದನು.

"ಅದ ನೋಡ್ರಿ. ಈ ತಿಂಗಳಾಗ ನಿಮ್ದು ನಾಕನೇ ಮನಿ. ಒಬ್ರು ಗಂಧ ಬಡದಿದ್ರು. ಇನ್ನೊಬ್ರು ಇಬತ್ತಿ ಕಲಸಿ ಮೂರ ಗೆರಿ ಎಳದಿದ್ರು. ಕೋರ್ಟಿನ ಸಾಹೇಬ್ರೊಬ್ರ ಮನ್ಯಾಗ ಲಿಂಬಿಹಣ್ಣು ಹಿಂಡಿದ್ರು, ಬಲ್ಬಿನ ಮ್ಯಾಲ. ಕೈಲೆ ಮುಟ್ಟಬ್ಯಾಡ್ರಿ ಅಂತ ಡಬ್ಬಿ ಮ್ಯಾಲ ಚಿತ್ರ ತಗದಾರ. ಯಾರು ನೋಡ್ತಾರ್ರಿ?"

ಸ್ತಂಭಾರೋಹಣಧುರಂಧರನು ಡಬ್ಬಿಯನ್ನು ಬೆಳಕಿಗೆ ಹಿಡಿದನು. ಹೆಸರುಕಾಳಿನಷ್ಟು ದೊಡ್ಡ ಕೈಯೊಂದರ ಚಿತ್ರ, ಅದರ ಮೇಲೆ ಅಡ್ಡಗೆರೆ. ತನ್ನ ಮಹಾಕದನವು ಊರಿನಲ್ಲಿ ನಾಲ್ಕನೆಯದೆಂದು ಕೇಳಿ ಅವನಿಗೆ ಮೊದಲು ನೋವಾಯಿತು. ಆ ನೋವು ಚಹದ ಎರಡು ಗುಟುಕಿನವರೆಗೆ ಇತ್ತು. ಅಷ್ಟರಲ್ಲಿ ಕೇಕು ಹೊರಗೆ ಬಂತು. ನಡು ಕುಸಿದಿರಲಿಲ್ಲ, ಅಂಚು ಕರಕಾಗಿರಲಿಲ್ಲ. ಸ್ವಲ್ಪ ಆರಿದ ಮೇಲೆ ಕಸ್ತೂರಿ ಅದನ್ನು ಕೊಯ್ದು ತಟ್ಟೆಗಳಿಗೆ ಹಾಕಿದಳು. ಅವನು ತನ್ನ ತಟ್ಟೆಯ ದೊಡ್ಡ ತುಂಡನ್ನು ಮೌನೇಶನ ತಟ್ಟೆಗೆ ದಾಟಿಸಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದನು:

"ಉಳದ ಮೂರ ಮಂದಿ ಯಾರ್ಯಾರೋ?"