ಸಿಲಿಂಡರಿನ ತೂಕ, ಶ್ರೀಧರನ ಅಂಗೈ

ನನಗೆ ಹೊಟ್ಟೆಕಿಚ್ಚು ಇದೆ ಎಂದು ಒಪ್ಪಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಆದರೆ ಅದು ಕಂಡಕಂಡವರ ಮೇಲೆಲ್ಲ ಹುಟ್ಟುವಂಥದ್ದಲ್ಲ. ಸಿಡ್ನಿಯಲ್ಲಿ ನನ್ನ ಹೆಂಡತಿಯ ಕಡೆಯ ಡಾಕ್ಟರೊಬ್ಬರು ಕಡಲು ಕಾಣುವ ಮನೆ ಕಟ್ಟಿಸಿದ್ದಾರೆ. ಅವರ ಬಾಲ್ಕನಿಯಲ್ಲಿ ಕೂತು ಎರಡು ಲೋಟ ಕಾಫಿ ಕುಡಿದು, "ತುಂಬ ಚೆನ್ನಾಗಿದೆ ಸರ್" ಎಂದು ಮನಸಾರೆ ಹೊಗಳಿ ಬಂದವನು ನಾನು. ಅವರು ದೊಡ್ಡವರು, ನನಗಿಂತ ಇಪ್ಪತ್ತು ವರ್ಷ ಮೊದಲು ಈ ದೇಶಕ್ಕೆ ಬಂದವರು, ಅವರಿಗೆ ಅದು ಇರಬೇಕಾದ್ದೇ. ನನ್ನ ಹೊಟ್ಟೆಕಿಚ್ಚಿಗೆ ಆಳು ತೀರಾ ಹತ್ತಿರದವನಾಗಿರಬೇಕು. ನಾನು ಹತ್ತಿದ ವಿಮಾನವನ್ನೇ ಹತ್ತಿ, ನಾನು ತಿಂದ ಅರೆಬೆಂದ ಅನ್ನವನ್ನೇ ತಿಂದವನಾಗಿರಬೇಕು. ಅಂಥವನು ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನ ಹೆಸರು ಶ್ರೀಧರ.

ಶ್ರೀಧರ ಮೈಸೂರಿನವನು, ನಾನು ದಾವಣಗೆರೆಯವನು. ಓದಲು ಬಂದಾಗ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಐದು ಜನ ಸೇರಿ ಹಿಡಿದ ಬಾಡಿಗೆ ಮನೆಯಲ್ಲಿ ನಮ್ಮಿಬ್ಬರದು ಒಂದೇ ರೂಮು. ನಾನು ಸಾರು ಮಾಡಿದ ದಿನ ಎಲ್ಲರಿಗೂ ಲೈಬ್ರರಿಯಲ್ಲಿ ಕೆಲಸವಿರುತ್ತಿತ್ತು, ಅವನು ಮಾಡಿದ ದಿನ ಪಕ್ಕದ ಮನೆಯವರೂ ಬರುತ್ತಿದ್ದರು. ಆಮೇಲೆ ಇಬ್ಬರಿಗೂ ಇಲ್ಲೇ ಕಾಯಮ್ಮಾಗಿ ನೆಲೆಸಲು ಪಿಆರ್ ಬಂತು, ಅವನಿಗೆ ಎರಡು ವಾರ ಮೊದಲು. ಇಬ್ಬರೂ ಮೆಲ್ಬರ್ನಿನ ಅಂಚಿನ ವೆರಿಬೀಯಲ್ಲಿ ಮನೆ ಕೊಂಡೆವು, ಅವನಿಗೆ ಕಾರ್ನರ್ ಸೈಟು ಸಿಕ್ಕಿತು. ಇಷ್ಟನ್ನೆಲ್ಲ ನಾನು ಹಲ್ಲು ಕಚ್ಚಿ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಅವನು ಒಂದು ಕ್ಯಾರವಾನ್ ಕೊಂಡುಬಿಟ್ಟ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಆ ಬಿಳಿ ಮನೆ ಅವನ ಡ್ರೈವ್‌ವೇಯಲ್ಲಿ ನಿಂತ ದಿನದಿಂದ ನನ್ನ ಹೆಂಡತಿ ಸುಮಾ, ಹಾಲು ತರಲು ಹೋಗುವಾಗಲೂ ಅವರ ಬೀದಿಯ ಮೇಲೆಯೇ ಹೋಗತೊಡಗಿದಳು. ಮೂರು ತಿಂಗಳಲ್ಲಿ ನಾನೂ ಒಂದು ಕ್ಯಾರವಾನ್ ಕೊಂಡೆ. ಹಳೆಯದು, ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಹಾಕಿಕೊಳ್ಳುತ್ತದೆ.

ಕ್ಯಾರವಾನಿನ ಒಲೆ ಉರಿಯುವುದು ಮುಂಭಾಗದಲ್ಲಿ ಕೂರಿಸಿದ ಪ್ರೊಪೇನ್ ಸಿಲಿಂಡರಿನಿಂದ. ಒಳಗೆ ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ವೆರಿಬೀಯ ಮನೆಗೆ ಗ್ಯಾಸು ಪೈಪಿನಲ್ಲಿ ಬರುವುದರಿಂದ ಇಷ್ಟು ವರ್ಷ ಆ ಚಿಂತೆಯೇ ಇರಲಿಲ್ಲ. ಕ್ಯಾರವಾನ್ ಬಂದದ್ದೇ, ದಾವಣಗೆರೆಯ ನಮ್ಮಮ್ಮನ ಆತಂಕವೆಲ್ಲ ನನಗೆ ವರ್ಗವಾಯಿತು. ಅಮ್ಮ ಸಿಲಿಂಡರ್ ಹಚ್ಚಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಇಪ್ಪತ್ತು ದಿನ ಕಳೆದ ಮೇಲೆ ದಿನಕ್ಕೊಂದು ಸಲ ಅದನ್ನು ಅಲುಗಾಡಿಸಿ ನೋಡುತ್ತಿದ್ದಳು. ನಾನೂ ಅಲುಗಾಡಿಸಿದೆ. ಒಳಗಿನಿಂದ ಏನೋ ಗುಳಗುಳ ಎಂದಿತು. ಅದು ತುಂಬಿದ ಗುಳಗುಳವೋ ತೀರುತ್ತಿರುವ ಗುಳಗುಳವೋ ಅಮ್ಮನಿಗೆ ತಿಳಿಯುತ್ತಿತ್ತು, ನನಗೆ ತಿಳಿಯಲಿಲ್ಲ.

ಶ್ರೀಧರನಿಗೆ ಈ ತೊಂದರೆಯೇ ಇಲ್ಲ. ಮೊದಲ ಸಲ ನಾವು ಜೊತೆಯಾಗಿ ಹೊರಟಾಗ ನೋಡಿದೆ. ಒಂದು ಚೊಂಬು ಬಿಸಿನೀರನ್ನು ತನ್ನ ಸಿಲಿಂಡರಿನ ಪಕ್ಕಕ್ಕೆ ಮೇಲಿನಿಂದ ಸುರಿದ. ಮಗುವಿನ ಜ್ವರ ನೋಡುವವನಂತೆ ಅಂಗೈಯನ್ನು ನಿಧಾನವಾಗಿ ಕೆಳಕ್ಕೆ ಇಳಿಸಿದ. ಅರ್ಧಕ್ಕೆ ಬಂದು ನಿಲ್ಲಿಸಿ, "ಇಲ್ಲಿಂದ ತಣ್ಣಗಿದೆ. ಇಲ್ಲೀವರೆಗೂ ಗ್ಯಾಸ್ ಇದೆ. ಆರಾಮಾಗಿ ಐದು ದಿನ ಬರತ್ತೆ" ಎಂದ. ಸುಮಾ ತಾನೂ ಮುಟ್ಟಿ ನೋಡಿ, "ಹೌದಲ್ರೀ! ನೋಡ್ರೀ, ಎಷ್ಟು ಸಿಂಪಲ್ಲು! ಶ್ರೀಧರ್ ಅವ್ರಿಗೆ ಎಲ್ಲಾ ಗೊತ್ತಿರತ್ತೆ" ಎಂದಳು. ಐದು ದಿನ ಬರುತ್ತದೆ ಎಂದದ್ದು ಸರಿಯಾಗಿ ಐದು ದಿನವೇ ಬಂತು. ನಾಲ್ಕನೆಯ ದಿನ ಮುಗಿದುಹೋಗಲಿ ಎಂದು ನಾನು ಅವನ ಒಲೆಯ ಮೇಲೆ ಬೇಕೆಂದೇ ಮೂರು ಸಲ ನೀರು ಕಾಯಿಸಿದ್ದೆ, ಆದರೂ ಬಂತು.

ಅಂಗೈ ಸವರುವುದನ್ನು ನಾನೂ ಕಲಿಯಬಹುದಿತ್ತು. ಆದರೆ ಅವನಿಂದ ಕಲಿಯುವುದೇ? ನಾನು ಅದಕ್ಕಿಂತ ಮೇಲಿನ ವಿಧಾನವನ್ನು ಹುಡುಕಿದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕತ್ತಿನ ಮೇಲೆಯೇ ಕೊರೆದಿರುತ್ತಾರೆ. ನನ್ನದರ ಮೇಲೆ ಒಂಬತ್ತು ಕೆಜಿ ಎಂದಿತ್ತು. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಗ್ಯಾಸು. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಸಿಲಿಂಡರನ್ನು ಇಟ್ಟರೆ ಮುಳ್ಳೇ ಮುಚ್ಚಿಹೋಗುತ್ತದೆ, ನಿಜ. ಆದರೆ ಊರಿಗೆ ಹೋಗುವಾಗಲೆಲ್ಲ ಸೂಟ್‌ಕೇಸ್ ತೂಗಿದ ನಮಗೆ ಅದೊಂದು ಸಮಸ್ಯೆಯೇ ಅಲ್ಲ. ಸೂಟ್‌ಕೇಸನ್ನು ಅಪ್ಪಿಕೊಂಡು ಯಂತ್ರದ ಮೇಲೆ ನಾನು ಹತ್ತುವುದು, ಯಾರಾದರೂ ಬಗ್ಗಿ ಮುಳ್ಳು ಓದುವುದು, ನನ್ನ ತೂಕ ಕಳೆಯುವುದು. ಮುಂದಿನ ಪ್ರವಾಸಕ್ಕೆ ಹೊರಡುವ ಹಿಂದಿನ ಸಂಜೆ ಸಿಲಿಂಡರನ್ನು ಅಪ್ಪಿಕೊಂಡು ಹತ್ತಿದೆ. ಮಗಳು ಅನಘಾ ಬಗ್ಗಿ, "ಎಯ್ಟಿ ಫೈವ್, ಅಪ್ಪಾ" ಎಂದಳು. ನನ್ನ ಅರವತ್ತೆಂಟು ಕಳೆದೆ, ಹದಿನೇಳು. ಖಾಲಿ ಸಿಲಿಂಡರಿನ ಒಂಬತ್ತು ಕಳೆದೆ, ಎಂಟು. ಎಂಟು ಕೆಜಿ ಗ್ಯಾಸು! ಹೆಚ್ಚುಕಡಿಮೆ ತುಂಬಿದ ಸಿಲಿಂಡರು. ನಾನು ಎರಡೂ ಮನೆಯವರಿಗೆ ಬೆಣ್ಣೆ ದೋಸೆ ಮಾಡಿ ಬಡಿಸುತ್ತೇನೆ ಎಂದು ಆಗಲೇ ಶ್ರೀಧರನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ದೋಸೆ ವಿಷಯದಲ್ಲಿ ಮೈಸೂರಿನವನು ದಾವಣಗೆರೆಯವನ ಮುಂದೆ ತಲೆ ಎತ್ತಬಾರದು ಎಂಬುದು ನನ್ನ ಆಸೆ.

ಕಡಲ ದಂಡೆಯ ಕ್ಯಾರವಾನ್ ಪಾರ್ಕಿನಲ್ಲಿ ಅಕ್ಕಪಕ್ಕದಲ್ಲೇ ಜಾಗ ಸಿಕ್ಕಿತು. ಶನಿವಾರ ಮಧ್ಯಾಹ್ನ ಶ್ರೀಧರ ತನ್ನ ಸಿಲಿಂಡರಿಗೆ ಸುರಿದು ಉಳಿದ ಬಿಸಿನೀರನ್ನು, ನಾನು ಬೇಡವೆನ್ನುವುದರೊಳಗೆ, ನನ್ನದಕ್ಕೂ ಸುರಿದು ಕೈ ಸವರಿದ. ಅಂಗೈ ಕೆಳಗೆ ಇಳಿಯಿತು, ಇನ್ನೂ ಇಳಿಯಿತು.

"ಗುರೂ, ಇದು ತಳದಲ್ಲಿದೆ ಕಣೋ. ಸಿಲಿಂಡರ್ ಸಿಗೋ ಪೆಟ್ರೋಲ್ ಬಂಕ್ ಇಲ್ಲೇ ಹತ್ತು ನಿಮಿಷ. ಬಾ, ಬದಲಾಯಿಸ್ಕೊಂಡು ಬಂದ್ಬಿಡೋಣ" ಎಂದ.

"ಎಂಟು ಕೆಜಿ ಐತಪ್ಪಾ ಅದರಾಗ. ತೂಗೇನಿ" ಎಂದೆ. ಕೋಪ ಬಂದಾಗ ನನ್ನ ಬಾಯಿಗೆ ಊರಿನ ಮಾತು ಬರುತ್ತದೆ. "ನಿಂದು ಅಂದಾಜು, ನಂದು ಲೆಕ್ಕ."

ಅವನು ವಾದ ಮಾಡಲಿಲ್ಲ. "ಸರಿ, ನೀನು ತೂಗಿದ್ದೀಯ ಅಂದ್ರೆ ಸರಿಯಾಗೇ ಇರತ್ತೆ" ಎಂದು ನಕ್ಕು ಹೋದ. ಅವನಲ್ಲಿ ನನಗೆ ಎಲ್ಲಕ್ಕಿಂತ ಸಹಿಸಲಾಗದ್ದು ಈ ಒಳ್ಳೆಯತನ.

ಭಾನುವಾರ ಬೆಳಿಗ್ಗೆ ಎಲ್ಲರೂ ತಟ್ಟೆ ಹಿಡಿದು ನನ್ನ ಕ್ಯಾರವಾನಿನ ಮುಂದೆ ಕೂತರು. ಮೊದಲ ದೋಸೆ ಶ್ರೀಧರನ ಹೆಂಡತಿ ವೀಣಾಗೆ, ಎರಡನೆಯದು ಅವನಿಗೇ. ಅವನು ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಆಹಾ! ಇದನ್ನ ನಾವು ಮೈಸೂರಿನೋರು ಮಾಡಕ್ಕಾಗಲ್ಲ ಬಿಡು" ಎಂದ. ಹನ್ನೆರಡು ವರ್ಷ ಕಾದು ಪಡೆದ ಮಾತು ಅದು. ಸುಮಾ ಕೇಳಿಸಿಕೊಂಡಳೇ ಎಂದು ತಿರುಗಿ ನೋಡಿದೆ, ಕೇಳಿಸಿಕೊಂಡಿದ್ದಳು. ಆ ಸಂತೋಷದಲ್ಲಿ ಮೂರನೆಯ ದೋಸೆಯನ್ನು ತವಾದ ತುಂಬ ಹುಯ್ದು, ಮೇಲೆ ಬೆಣ್ಣೆ ಹಾಕಿದೆ. ಬೆಣ್ಣೆ ಕರಗಲಿಲ್ಲ. ಬಗ್ಗಿ ನೋಡಿದರೆ ಉರಿ ಕಡಲೆ ಕಾಳಿನಷ್ಟಾಗಿ, ಒಮ್ಮೆ ನಡುಗಿ, ಆರಿಹೋಯಿತು.

ಹಿಟ್ಟಿನ ಪಾತ್ರೆ, ಬೆಣ್ಣೆ, ಚಟ್ನಿ ಎಲ್ಲವೂ ಮೆರವಣಿಗೆಯಲ್ಲಿ ಪಕ್ಕದ ಕ್ಯಾರವಾನಿಗೆ ಹೋದವು. "ನೀನು ದಣಿದಿದ್ದೀಯ, ಕೂತ್ಕೋ" ಎಂದು ಶ್ರೀಧರನೇ ಸೌಟು ಹಿಡಿದ. ನನ್ನ ಹಿಟ್ಟಿನಲ್ಲೇ ಅವನು ಹುಯ್ದ ದೋಸೆ ನನ್ನದಕ್ಕಿಂತ ಗರಿಗರಿಯಾಗಿ ಬಂತು.

"ಅಲ್ರೀ, ತೂಕ ಹಾಕಿದ್ರಲ್ಲಾ, ಹೆಂಗೆ ತಪ್ಪಾಯ್ತು?" ಎಂದು ಸುಮಾ ಕೇಳಿದಳು. ನಾನು ಲೆಕ್ಕವನ್ನು ಮತ್ತೆ ಹೇಳಿದೆ. ಎಂಬತ್ತೈದು, ಅದರಲ್ಲಿ ನನ್ನ ಅರವತ್ತೆಂಟು ಕಳೆದರೆ...

"ಅರವತ್ತೆಂಟಾ?" ಎಂದಳು ಸುಮಾ. "ಯಾವಾಗ ನೋಡಿದ್ದು?"

"ಪಿಆರ್ ಮೆಡಿಕಲ್‌ನಲ್ಲಿ."

ಸರ್ಕಾರದ ಡಾಕ್ಟರ ಮುಂದೆ ತೂಗಿ, ಫಾರ್ಮಿನಲ್ಲಿ ಬರೆದು, ಸೀಲು ಒತ್ತಿ ಕೊಟ್ಟ ತೂಕವದು. ಹುಟ್ಟಿದ ತಾರೀಕಿನಂತೆ ಅದೂ ಒಮ್ಮೆ ಬರೆದರೆ ಮುಗಿಯಿತು ಎಂದು ನಾನು ನಂಬಿದ್ದೆ. ಅನಘಾ ಬೆರಳಿನಲ್ಲಿ ಲೆಕ್ಕ ಹಾಕಿ, "ದೆನ್ ದಿ ಎಯ್ಟ್ ಕಿಲೋಸ್ ವಾಸ್ ಯೂ, ಅಪ್ಪಾ!" ಎಂದಳು. ವೀಣಾ ಸೆರಗಿಲ್ಲದ್ದಕ್ಕೆ ಟೀ ಟವೆಲನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. ಸುಮಾ ನಗಲಿಲ್ಲ. ಅವಳ ಮನಸ್ಸು ಬೇರೆಲ್ಲೋ ಹೋಗಿತ್ತು.

"ಹಾಗಾದ್ರೆ ಹೋದ ಸಲ ಊರಿಗೆ ಹೋಗೋವಾಗ, ಸೂಟ್‌ಕೇಸ್ ಎಂಟು ಕೆಜಿ ಜಾಸ್ತಿ ಇದೆ ಅಂತ ನಮ್ಮಕ್ಕನಿಗೆ ತಗೊಂಡಿದ್ದ ಉಣ್ಣೆ ಕಂಬಳಿ ತೆಗೆಸಿದ್ರಲ್ಲಾ?" ಎಂದಳು.

ಮಾತು ಮರೆಸಬೇಕಿತ್ತು. ಈ ಪಾಪದಲ್ಲಿ ಒಬ್ಬ ಪಾಲುದಾರ ಸಿಕ್ಕರೂ ಸಾಕು ಎಂದು, "ಏ ಶ್ರೀಧರ, ಆ ಮೆಡಿಕಲ್‌ಗೆ ನಾವಿಬ್ರೂ ಒಂದೇ ದಿನ ಹೋಗಿದ್ವಲ್ಲ. ಆಗ ನಿನ್ನ ತೂಕ ಎಷ್ಟಿತ್ತೋ?" ಎಂದು ಕೇಳಿದೆ.

"ಅರವತ್ತಾರು" ಎಂದ, ದೋಸೆ ಮಗುಚುತ್ತ.

"ಈಗ?"

ಅವನು ನಾಚಿಕೊಂಡ. ನನಗೆ ನೋವಾದೀತೆಂದು ಹೇಳಲು ಹಿಂಜರಿದ. ಕೊನೆಗೆ ವೀಣಾಳೇ ಹೇಳಿದಳು: "ಅಷ್ಟೇ ಇದ್ದಾರೆ. ಅರವತ್ತಾರೇ."

ಅಂದರೆ ನನ್ನ ಈ ತಪ್ಪು ಲೆಕ್ಕವನ್ನೇ ಶ್ರೀಧರ ಮಾಡಿದ್ದರೂ, ಅವನದು ಸರಿಯಾಗಿಯೇ ಬರುತ್ತಿತ್ತು.