ಅಕ್ಷರವಿಲ್ಲದ ಪುಸ್ತಕದ ಹೋಂವರ್ಕ್

ಆ ಪುಸ್ತಕದಲ್ಲಿ ನಾಲ್ಕು ಸಾಲಾದರೂ ಬರೆದಿದ್ದರೆ ಮಧ್ವರಾಜರು ಶುಕ್ರವಾರವೇ ಹೆದರಿ ಕೆಲಸ ಶುರುಮಾಡುತ್ತಿದ್ದರು. ಆದರೆ ಎರಡನೇ ಕ್ಲಾಸಿನ ಮಗಳು ಅಪೇಕ್ಷಾ ಶಾಲೆಯಿಂದ ತಂದದ್ದು ಬರೀ ಚಿತ್ರಗಳ ಪುಸ್ತಕ. ಒಂದು ಪುಟದಲ್ಲಿ ಪುಟ್ಟ ಹುಡುಗಿಯೊಬ್ಬಳು ಪಕ್ಕದ ಮನೆಯ ಗಿಡಕ್ಕೆ ನೀರು ಹಾಕುತ್ತಾಳೆ, ಇನ್ನೊಂದರಲ್ಲಿ ಬಾಯಾರಿದವನಿಗೆ ನೀರು ಕೊಡುತ್ತಾಳೆ, ಮತ್ತೊಂದರಲ್ಲಿ ಅಜ್ಜಿಯ ಚೀಲ ತೆಗೆದುಕೊಂಡು ಆಕೆಯನ್ನು ರಸ್ತೆ ದಾಟಿಸುತ್ತಾಳೆ. ಇಂಥದೊಂದು ಉಪಕಾರವನ್ನು ಮಗುವಿನಿಂದ ಮಾಡಿಸಿ, ಫೋಟೊ ತೆಗೆದು ಭಾನುವಾರ ಸಂಜೆ ಆರರೊಳಗೆ ಟೀಚರಿಗೆ ಕಳಿಸಬೇಕು. ಕಳಿಸಿದವರಿಗೆ ಒಂದು ಸ್ಟಾರ್.

“ಓದ್ಲಿಕ್ಕೆ ಎಂತ ಉಂಟು ಇದ್ರಲ್ಲಿ? ಐದು ನಿಮಿಷದ ಕೆಲ್ಸ,” ಎಂದು ಮಧ್ವರಾಜರು ಮುಂದೂಡುತ್ತ ಬಂದರು. ಭಾನುವಾರ ಊಟ ಮಾಡಿ ಮಲಗಿದವರನ್ನು ಹೆಂಡತಿ ಜಯಲತಾ ನಾಲ್ಕು ಗಂಟೆಗೆ ಅಲುಗಾಡಿಸಿ ಎಬ್ಬಿಸಿದರು.

“ನಿಮ್ಮ ಐದು ನಿಮಿಷ ಯಾವಾಗ ಶುರು?”

ಡೊಂಬಿವಲಿಯ ಅದೇ ಬಿಲ್ಡಿಂಗಿನಲ್ಲಿ ಅದೇ ಕ್ಲಾಸಿನ ಇನ್ನೂ ಒಂಬತ್ತು ಮಕ್ಕಳಿದ್ದಾರೆ ಎಂಬುದು ಮಧ್ವರಾಜರಿಗೆ ಹೊಳೆದದ್ದು ಕೆಳಗಿಳಿದ ಮೇಲೆ. ಅಂಗಳದ ಕುಂಡಗಳೆಲ್ಲ ಬಾವಿಯಂತೆ ತುಂಬಿ, ನೀರು ಗೇಟಿನವರೆಗೂ ಹರಿದಿತ್ತು. ಅಪೇಕ್ಷಾ ನೀರಿನ ಬಾಟಲಿ ಹಿಡಿದು ಹತ್ತಿರ ಬಂದದ್ದೇ ತಡ, ವಾಚ್‌ಮನ್ ಚೆನ್ನಯ ಕುರ್ಚಿಯಿಂದೆದ್ದು ಕೈಮುಗಿದ.

“ಬೇಡ ಸಾರ್! ಬೆಳಿಗ್ಗಿಂದ ಎಲ್ಲ ಮಕ್ಕಳೂ ನೀರು ಕುಡಿಸಿದ್ದಾರೆ. ಹತ್ತು ನಿಮಿಷ ಗೇಟಲ್ಲಿ ಕೂತ್ಕೊಳ್ಲಿಕ್ಕೆ ಆಗ್ತಾ ಇಲ್ಲ ನಂಗೆ.”

ಉಳಿದದ್ದು ಅಜ್ಜಿ. ನೆಲಮಹಡಿಯ ದಮಯಂತಕ್ಕನಿಗೆ ಎಪ್ಪತ್ತೆಂಟು. ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಕಿಟಕಿ ಬೆರಳಷ್ಟು ಸರಿಯಿತು.

“ರಸ್ತೆ ದಾಟಿಸ್ಲಿಕ್ಕೆ ಬಂದದ್ದಾದ್ರೆ ಹೋಗಿ ಮಾರಾಯ್ರೆ! ಬೆಳಿಗ್ಗೆ ಹಾಲು ತರ್ಲಿಕ್ಕೆ ಹೊರಟವಳನ್ನು ಒಂಬತ್ತು ಸಲ ಆಚೆ ಈಚೆ ದಾಟಿಸಿದ್ರು. ಹಾಲಿನ ಅಂಗಡಿ ಈಚೆ ಬದಿಯಲ್ಲೇ ಉಂಟು. ಕೇಳುವವರು ಯಾರು?”

“ಪಪ್ಪಾ, ಪಾಚ್ ವಾಜ್ಲೇ!” ಮರಾಠಿಯಲ್ಲಿ ಹೇಳಿದ ಅಪೇಕ್ಷಾಳ ಕಣ್ಣು ತುಂಬುತ್ತಿತ್ತು. ಐದು ಗಂಟೆ. ಇಡೀ ಕ್ಲಾಸಿನಲ್ಲಿ ಸ್ಟಾರ್ ಇಲ್ಲದವಳು ತಾನೊಬ್ಬಳೇ ಆಗುವೆನೆಂಬ ಭಯ ಆ ಪುಟ್ಟ ಮುಖದ ತುಂಬ ಇತ್ತು. ಮಧ್ವರಾಜರು ಅವಳನ್ನು ಎಳೆದುಕೊಂಡು ರಿಕ್ಷಾ ಸ್ಟ್ಯಾಂಡಿಗೆ ಓಡಿದರು.

ಅಲ್ಲಿ ದೇವರೇ ಕಳಿಸಿದಂತೆ ಒಬ್ಬ ವಯಸ್ಸಾದ ಹೆಂಗಸು ದೊಡ್ಡ ಚೀಲ ಹಿಡಿದು ರಿಕ್ಷಾದಿಂದ ಇಳಿಯುತ್ತಿದ್ದರು. “ಹಿಡಿ, ಹಿಡಿ!” ಎಂದು ಮಗಳನ್ನು ಮುಂದೆ ದೂಡಿ ಮಧ್ವರಾಜರು ಫೋನ್ ಎತ್ತಿದರು. ಅಪೇಕ್ಷಾ ಚೀಲ ಎಳೆದಳು. ಹೆಂಗಸು ಬಿಡಲಿಲ್ಲ. ಸಹಾಯಕ್ಕೆಂದು ಮಧ್ವರಾಜರೂ ಒಂದು ಕೈ ಹಾಕಿದರು.

“ಚೋರ್! ಚೋರ್!”

ಕ್ಷಣದಲ್ಲಿ ಜನ ಸೇರಿತು. ಮಧ್ವರಾಜರು ತಮಗೆ ಬರುವ ಮರಾಠಿ, ಹಿಂದಿಯೆಲ್ಲ ಕಲಸಿ ಒಪ್ಪಿಸಿದರು. ಯಾರೂ ನಂಬಲಿಲ್ಲ. ಕೊನೆಗೆ ಪುಸ್ತಕವನ್ನೇ ತೆರೆದು ತೋರಿಸಿದರು. ಚಿತ್ರದಲ್ಲಿ ಹುಡುಗಿ ಮುದುಕಿಯ ಕೈಯಿಂದ ಚೀಲ ತೆಗೆದುಕೊಳ್ಳುತ್ತಿದ್ದಳು. ಇದು ಉಪಕಾರ ಎಂದು ಹೇಳಲು ಕೆಳಗೆ ಒಂದೇ ಒಂದು ಅಕ್ಷರವಿರಲಿಲ್ಲ.

“ಅರೇ, ಪುಸ್ತಕ ಇಟ್ಕೊಂಡು ಟ್ರೇನಿಂಗ್ ಕೊಡ್ತಿದ್ದಾನೆ ಮಗೂಗೆ!” ಎಂದು ಕನ್ನಡ ಬಲ್ಲ ಒಬ್ಬ ರಿಕ್ಷಾದವನೇ ಕೂಗಿದ.

ಇನ್ನು ನಿಲ್ಲುವುದರಲ್ಲಿ ಅರ್ಥವಿರಲಿಲ್ಲ. ಮಗಳನ್ನು ಎತ್ತಿಕೊಂಡು, ನಲವತ್ತೈದರ ಪ್ರಾಯದಲ್ಲಿ ಹದಿನೆಂಟರ ಓಟ ಓಡಿ ಬಿಲ್ಡಿಂಗ್ ಮುಟ್ಟಿದರು. ಗೇಟಿನ ಬಳಿ ಅವಳನ್ನು ಇಳಿಸಿ ಒಂದು ಹೆಜ್ಜೆ ಇಟ್ಟದ್ದಷ್ಟೇ, ಕುಂಡದ ನೀರಿನ ಮೇಲೆ ಕಾಲು ಜಾರಿ ಹಸಿ ಗೋಣಿಯಂತೆ ಧೊಪ್ಪನೆ ಬಿದ್ದರು. ಅಡಿಯಲ್ಲಿ ಫೋನ್ ಚಟ್ಟೆಂದಿತು.

“ಬಿದ್ರು! ಯಾರೋ ಬಿದ್ರು! ದಿಶಾ, ಬೇಗ ಬಾ!” ಮೂರನೇ ಮಹಡಿಯ ಜಯೇಶ್ ಬಾಲ್ಕನಿಯಿಂದ ಮಗಳನ್ನು ಕೂಗಿದ ದನಿಯಲ್ಲಿ ಲಾಟರಿ ಹೊಡೆದ ಸಂತೋಷವಿತ್ತು. ನಿಮಿಷದೊಳಗೆ ಒಂಬತ್ತು ಮಕ್ಕಳು, ಒಂಬತ್ತು ಫೋನ್‌ಗಳು ಮಧ್ವರಾಜರನ್ನು ಸುತ್ತುವರಿದವು.

“ಟೀಚರ್ ನಮ್ಮ ಫೋಟೊ ಎಲ್ಲ ರಿಜೆಕ್ಟ್ ಮಾಡಿದ್ರು ಮಾರಾಯ್ರೆ,” ಎಂದು ಜಯೇಶ್ ಮಗಳ ಕೈಯಿಂದ ಮಧ್ವರಾಜರ ತಲೆಗೆ ಬ್ಯಾಂಡೇಜ್ ಸುತ್ತಿಸುತ್ತ ವಿವರಿಸಿದ. “ಎಲ್ಲದರಲ್ಲೂ ಅದೇ ಕುಂಡ, ಅದೇ ಚೆನ್ನಯ, ಅದೇ ದಮಯಂತಕ್ಕನಂತೆ! ಹೊಸಬರು ಬೇಕಂತೆ.”

“ಗಾಯ ಆದದ್ದು ಮೊಣಕಾಲಿಗೆ...”

“ಮೊಣಕಾಲು ಫೋಟೊದಲ್ಲಿ ಸರಿ ಬರೋದಿಲ್ಲ. ಸ್ವಲ್ಪ ನರಳಿ ನೋಡುವ.”

ದಿಶಾ ಪಟ್ಟಿ ಕಟ್ಟಿದಳು. ಒಬ್ಬ ನೀರು ಕುಡಿಸಿದ, ಒಬ್ಬಳು ಗಾಳಿ ಹಾಕಿದಳು, ಇಬ್ಬರು ಎಬ್ಬಿಸಿ ನಿಲ್ಲಿಸಿದರು. ಫೋಟೊ ಸರಿ ಬರಲಿಲ್ಲವೆಂದು ಮತ್ತೆ ಮಲಗಿಸಿದರು. ಆರಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಫೋಟೊ ಕಳಿಸಲು ವೈಫೈ ಸಿಗುವ ಕಡೆ ಓಡಿಹೋದರು.

ಅಪೇಕ್ಷಾ ಮಾತ್ರ ಉಳಿದಳು. ಕೆಸರಲ್ಲಿ ಬಿದ್ದಿದ್ದ ಅಪ್ಪನ ಚಪ್ಪಲಿ ಹುಡುಕಿ, ನಲ್ಲಿಯಲ್ಲಿ ತೊಳೆದು ತಂದು ಕಾಲಿಗೆ ತೊಡಿಸಿದಳು. ಮೊಣಕಾಲಿಗೆ ಉಫ್ ಉಫ್ ಎಂದು ಊದಿದಳು.

“ದುಖತಯ್ ಕಾ ಪಪ್ಪಾ?”

“ಇಲ್ಲ ಮಗಾ, ನೋವಿಲ್ಲ,” ಎಂದರು ಮಧ್ವರಾಜರು. ಇದರ ಫೋಟೊ ತೆಗೆಯಲು ಯಾರೂ ಇರಲಿಲ್ಲ. ಅವರ ಫೋನಿನ ಗಾಜು ನೆಲದ ಮೇಲೆ ಸಕ್ಕರೆಯಂತೆ ಚೆಲ್ಲಿತ್ತು.

ಏಳು ಗಂಟೆಗೆ ಜಯಲತಾರ ಫೋನಿಗೆ ಫೋಟೊ ಸಮೇತ ಟೀಚರ್ ಮೆಸೇಜ್ ಬಂತು. ಆಕೆ ಗಟ್ಟಿಯಾಗಿ ಓದಿದರು.

“ಬಿದ್ದ ಅಜ್ಜನಿಗೆ ಎಲ್ಲ ಮಕ್ಕಳೂ ಸೇರಿ ಸಹಾಯ ಮಾಡಿದ್ದು ನೋಡಿ ಕಣ್ಣು ತುಂಬಿತು. ಒಂಬತ್ತು ಮಂದಿಗೂ ಒಂದೊಂದು ಸ್ಟಾರ್. ಅಪೇಕ್ಷಾಳ ಫೋಟೊ ಬಂದಿಲ್ಲ.”

“ಅಜ್ಜನಾ?” ಮಧ್ವರಾಜರು ಫೋನ್ ಕಸಿದು ಫೋಟೊ ನೋಡಿದರು. ಆ ವಾರ ಡೈ ಕಾಣದ ಕೂದಲು, ಬೆಳ್ಳಗಿನ ಗಡ್ಡ, ತಲೆಗೆ ಪಟ್ಟಿ, ಪಕ್ಕದಲ್ಲಿ ಗಾಳಿ ಹಾಕುವ ಮಗು. ಟೀಚರನ್ನು ದೂರುವಂತಿರಲಿಲ್ಲ. ಶಾಲೆಯ ಮೀಟಿಂಗಿಗೆಲ್ಲ ಜಯಲತಾರೇ ಹೋಗುತ್ತಿದ್ದುದರಿಂದ ಟೀಚರ್ ಅವರನ್ನು ಕಂಡದ್ದೂ ಇಲ್ಲ.

“ಇನ್ನೂ ಉಂಟು, ಕೇಳಿ,” ಎಂದರು ಜಯಲತಾ, ನಗು ತಡೆದುಕೊಳ್ಳುತ್ತ. “ಆ ಅಜ್ಜನಿಗೆ ನಾಳೆ ಶಾಲೆಯಲ್ಲಿ ಶಾಲು ಹೊದಿಸುವುದಿದೆ. ಅವರನ್ನು ಕರೆತರುವ ಮಗುವಿಗೆ ಎರಡು ಸ್ಟಾರ್.”

ಅಪೇಕ್ಷಾ ಸೋಫಾದಿಂದ ಚಿಗರೆಯಂತೆ ಜಿಗಿದಳು. “ಆ ಅಜ್ಜ ನಂಗೆ ಗೊತ್ತು! ಮಮ್ಮೀ, ಪಟ್ಟಿ ಬಿಚ್ಚಬೇಡ! ಪಪ್ಪಾ, ಶಾಲೆಯಲ್ಲಿ ನೀನು ಪಪ್ಪ ಅಂತ ಯಾರಿಗೂ ಹೇಳ್ಬೇಡ ಹಾಂ!”

ಮಧ್ವರಾಜರು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು.

“ಕುಂಟಬೇಕಾ?” ಎಂದು ಕೇಳಿದರು.

“ಥೋಡಾ ಥೋಡಾ, ಸ್ವಲ್ಪ ಸಾಕು,” ಎಂದಳು ಅಪೇಕ್ಷಾ.